ನಂಬರು ಬಿದ್ದ ನಿದ್ದೆ

ನಮ್ಮ ಪುಟ್ಟಿಯ ನಿದ್ದೆಗೆ ಸರ್ಕಾರಿ ನಂಬರು ಬಿದ್ದದ್ದು ಒಂದು ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ. ನಂಬರು ನಾನೂರ ಹದಿನೇಳು. ಅದಕ್ಕೆ ಮೊದಲು ಆ ನಿದ್ದೆ ನಮ್ಮ ಮನೆಯೊಳಗಿನ ಸಂಕಟವಾಗಿತ್ತು. ಆಮೇಲೆ ಅದು ನೀರು ಸರಬರಾಜು ಕಚೇರಿಯ ಹದಿನಾರು ಮಂದಿಯ ಸಂಭ್ರಮವಾಯಿತು.

ಪುಟ್ಟಿ ನನ್ನ ಮಗಳು, ವಯಸ್ಸು ನಾಲ್ಕು. ಹಗಲೆಲ್ಲ ಚಿನ್ನದಂಥ ಹುಡುಗಿ. ಮಲಗು ಎಂದರೆ ಸಾಕು, ವಕೀಲಳಾಗಿಬಿಡುತ್ತಾಳೆ. ಎಂಟೂವರೆಗೆ ಹಾಸಿಗೆಗೆ ಹಾಕಿದರೆ ಬೆಳಗಿನ ಜಾವದವರೆಗೆ ಎದ್ದೆದ್ದು ಬರುತ್ತಾಳೆ, ಒಂದೊಂದು ಸಲಕ್ಕೂ ಹೊಸ ಅಹವಾಲು. ನಾನು ದಿಂಬಿಗೆ ತಲೆ ಕೊಟ್ಟರೆ ಮುಗಿಯಿತು, ಮನೆ ಹೊತ್ತುಕೊಂಡು ಹೋದರೂ ಗೊತ್ತಾಗುವುದಿಲ್ಲ. ಹಾಗಾಗಿ ಏಳುವವಳು ನನ್ನ ಹೆಂಡತಿ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿ ಕೆಲಸದವಳು. ಇಡೀ ಕಾರ್ಖಾನೆಯಲ್ಲಿ ಅವಳಷ್ಟು ನೇರವಾಗಿ ಬಟ್ಟೆ ಕತ್ತರಿಸುವವರಿರಲಿಲ್ಲ. ಅಂಥವಳು ಒಂದು ದಿನ ಒಂದೇ ಅಂಗಿಗೆ ಮೂರು ತೋಳು ಕತ್ತರಿಸಿಟ್ಟಳು. ಮೇಲ್ವಿಚಾರಕಿ ಅದನ್ನು ಎತ್ತಿ ಹಿಡಿದು, "ಇದು ಯಾರಿಗಮ್ಮಾ?" ಎಂದು ಕೇಳಿದರಂತೆ. ನನ್ನ ಹೆಂಡತಿ ಎರಡು ನಿಮಿಷ ನಿಜವಾಗಿಯೂ ಯೋಚಿಸಿದಳಂತೆ.

"ಎರಡು ವರ್ಷ ಆಯ್ತು ರೀ ನಾನು ಒಂದು ಗಂಟೆ ಒಟ್ಟಿಗೆ ಮಲಗಿ," ಎಂದಳು ಆ ಸಂಜೆ. "ಇನ್ನು ನನ್ನ ಕೈಲಾಗಲ್ಲ. ಡಾಕ್ಟರಿಗೆ ತೋರಿಸೋಣ."

ನನ್ನ ಅಮ್ಮ ಒಳಗಿನಿಂದಲೇ ತೀರ್ಪು ಕೊಟ್ಟರು. "ನಿದ್ದೆ ಬರಲ್ಲ ಅಂತ ಮಗೂನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾರಾ ಯಾರಾದ್ರೂ? ಬೆಳೀತಾ ಬೆಳೀತಾ ತಾನೇ ಸರಿಹೋಗುತ್ತೆ ಬಿಡೋ."

"ಯಾವಾಗ ಅತ್ತೆ?"

"ಬೆಳೆದಾಗ!"

ಈ ಇಬ್ಬರ ನಡುವೆ ನಾನು ಯಾರ ಕಡೆ ಎಂದು ಕೇಳಿದರೆ, ಇಬ್ಬರ ಕಡೆಯೂ ತಲೆ ಆಡಿಸಿದ್ದೆ ಎಂಬುದೇ ಸತ್ಯ. ಆದರೂ ಹೆಂಡತಿ ಬಿಡಲಿಲ್ಲ. ಮೂರು ತಿಂಗಳು ಕಾದು ಮಕ್ಕಳ ಡಾಕ್ಟರ ಹತ್ತಿರ ಸಮಯ ಗಿಟ್ಟಿಸಿದಳು. ಶುಕ್ರವಾರ ಸಂಜೆ ನಾಲ್ಕು ಗಂಟೆ. ಅಲ್ಲಿಯವರು ಒಂದು ಖಾಲಿ ಹಾಳೆ ಕೊಟ್ಟು, ಹದಿನಾಲ್ಕು ದಿನ ಮಗು ಎಷ್ಟು ಹೊತ್ತಿಗೆ ಮಲಗಿತು, ಎಷ್ಟು ಸಲ ಎದ್ದಿತು, ಏನು ಕೇಳಿತು ಎಲ್ಲ ಬರೆದು ತರಬೇಕು, ಹಾಳೆ ಇಲ್ಲದೆ ಬಂದರೆ ನೋಡುವುದಿಲ್ಲ, ಮತ್ತೆ ಮೂರು ತಿಂಗಳು ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಬರೆಯುವ ಕೆಲಸ ಎಂದ ಕೂಡಲೇ ನನ್ನ ಎದೆ ಉಬ್ಬಿತು. ನಾನು ಕಚೇರಿಯಲ್ಲಿ ಗುಮಾಸ್ತ. ಪತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಾನು ಬರೆದ ಪತ್ರ ಓದಿದರೆ ಏನೋ ಆಗಿದೆ ಎಂಬುದು ಗೊತ್ತಾಗುತ್ತದೆ. ಅದನ್ನು ಮಾಡಿದವರು ಯಾರು, ಯಾರಿಗೆ ಮಾಡಿದರು ಎಂಬುದು ಇಪ್ಪತ್ತು ವರ್ಷ ಸರ್ವೀಸಾದವರಿಗೂ ಗೊತ್ತಾಗುವುದಿಲ್ಲ. ಕಚೇರಿ ಬರವಣಿಗೆಯ ಮರ್ಯಾದೆಯೇ ಅದು.

"ನೀನು ರಾತ್ರಿ ನಡೆದದ್ದನ್ನ ಬೆಳಿಗ್ಗೆ ಬಾಯಲ್ಲಿ ಹೇಳು. ಬರೆಯೋದು ನಂಗೆ ಬಿಡು," ಎಂದೆ.

"ನೀರು ಕೇಳಿದ್ಲು, ಕೊಟ್ಟೆ ಅಂತ ಬರೀರಿ ಸಾಕು."

"ಡಾಕ್ಟರು ಓದೋ ಕಾಗದ ಕಣೇ ಅದು. ಹಾಗೆಲ್ಲ ಬರೆಯೋಕಾಗುತ್ತಾ?"

ಅವರು ಕೊಟ್ಟ ಪುಟ್ಟ ಹಾಳೆ ನನಗೆ ಒಪ್ಪಿಗೆಯಾಗಲಿಲ್ಲ. ಕಚೇರಿಯ ಉದ್ದನೆಯ ಕಾಗದಕ್ಕೆ ಅಂಚು ಎಳೆದು, ಹದಿನಾಲ್ಕು ದಿನದ ವರದಿಯನ್ನು ಹದಿನಾಲ್ಕು ಪುಟಗಳಲ್ಲಿ ದುಂಡಗೆ ಬರೆದೆ. ಒಂದು ದಿನದ್ದು ಹೀಗಿತ್ತು:

"ರಾತ್ರಿ ೮.೩೦: ಮಲಗಲು ಸೂಚಿಸಲಾಯಿತು. ಸೂಚನೆಯನ್ನು ತಿರಸ್ಕರಿಸಲಾಗಿದೆ.

೮.೫೦: ನೀರಿಗಾಗಿ ಬೇಡಿಕೆ. ಒಂದು ಲೋಟ ಒದಗಿಸಲಾಯಿತು.

೯.೧೦: ನೀರಿಗಾಗಿ ಮರು ಬೇಡಿಕೆ. ಈ ಹಿಂದೆ ಒದಗಿಸಿದ ನೀರು ಹಾಗೆಯೇ ಇರುವುದನ್ನು ಗಮನಕ್ಕೆ ತರಲಾಯಿತು. ಅದು ಹಳೇ ನೀರೆಂದು ಆಕ್ಷೇಪಿಸಲಾಗಿದೆ.

೯.೩೦: ಬೀರುವಿನೊಳಗೆ ಯಾರೋ ಇರುವರೆಂಬ ದೂರು. ಸ್ಥಳ ಪರಿಶೀಲನೆ ನಡೆಸಲಾಗಿ, ಯಾರೂ ಕಂಡುಬಂದಿರುವುದಿಲ್ಲ.

೯.೪೫: ಬಾಗಿಲು ನಾಲ್ಕು ಬೆರಳಿನಷ್ಟೇ ತೆರೆದಿರತಕ್ಕದ್ದೆಂದು ಆಗ್ರಹ. ಐದು ಬೆರಳಿನಷ್ಟು ತೆರೆದಿದ್ದಕ್ಕೆ ತೀವ್ರ ಅಸಮಾಧಾನ ವ್ಯಕ್ತವಾಗಿರುತ್ತದೆ.

೧೦.೨೦: ಕಂಬಳಿ ತಿರುವುಮುರುವಾಗಿದೆಯೆಂದು ದೂರು. ಸರಿಪಡಿಸಲಾಯಿತು. ಮೊದಲಿನಂತೆಯೇ ಇರಲೆಂದು ಮರು ಆಗ್ರಹ."

ಪುಟ್ಟಿಯ ಹೆಸರು ಎಲ್ಲೂ ಇರಲಿಲ್ಲ. ಮಗು ಎಂಬ ಮಾತೂ ಇರಲಿಲ್ಲ. ಬರೆದು ಮುಗಿಸಿ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಕೊನೆಯ ದಿನದ ಪುಟವನ್ನು ಕಚೇರಿಯಲ್ಲಿ ಬರೆದು, ಹದಿನಾಲ್ಕನ್ನೂ ಒಟ್ಟಿಗೆ ಪಿನ್ನು ಚುಚ್ಚಿ, ಶುಕ್ರವಾರ ಬೆಳಿಗ್ಗೆ ಮೇಜಿನ ಮೇಲಿಟ್ಟು ಕಾಫಿಗೆಂದು ಎದ್ದುಹೋದೆ. ಹದಿನೈದು ನಿಮಿಷವೂ ಆಗಿರಲಿಲ್ಲ. ಬಂದು ನೋಡಿದರೆ ಮೇಜು ಖಾಲಿ.

ನೇರ ಟಪಾಲಕ್ಕನ ಹತ್ತಿರ ಓಡಿದೆ. ಕಚೇರಿಗೆ ಬರುವ ಕಾಗದಗಳಿಗೆಲ್ಲ ಮುದ್ರೆ ಒತ್ತಿ ನಂಬರು ಹಾಕುವವರು ಅವರು. ಅವರ ಕೈಗೆ ಸಿಕ್ಕ ಕಾಗದ ನಂಬರು ಬೀಳದೆ ಪಾರಾದದ್ದಿಲ್ಲ. ಹಿಂದೊಮ್ಮೆ ಯಾರೋ ಮರೆತಿಟ್ಟ ಬಸ್ಸಿನ ವೇಳಾಪಟ್ಟಿಗೂ ನಂಬರು ಹಾಕಿ ಮೇಲಕ್ಕೆ ಕಳಿಸಿದ್ದರು. ಅದು "ಪರಿಶೀಲಿಸಿ ವರದಿ ನೀಡಿ" ಎಂಬ ಷರಾದೊಂದಿಗೆ ವಾಪಸು ಬಂದಿತ್ತು.

"ಅಕ್ಕಾ, ನನ್ನ ಮೇಜಿನ ಮೇಲೆ ಹದಿನಾಲ್ಕು ಪುಟ..."

"ಓ, ಅದಾ! ನೀವು ಮರೆತು ಕೂತಿದ್ರಿ ಅಂತ ನಾನೇ ತಗೊಂಡು ನಂಬರು ಹಾಕ್ದೆ. ನಾನೂರ ಹದಿನೇಳು," ಎಂದರು ಟಪಾಲಕ್ಕ ಖುಷಿಯಿಂದ. "ಎಂಥಾ ದೂರು ರೀ ಅದು! ಒಂದೇ ರಾತ್ರಿ ಏಳು ಸಲ ನೀರಿಗೆ ಬೇಡಿಕೆ. ಹಳೇ ನೀರು ಬೇರೆ ಕೊಟ್ಟಿದಾರೆ. ಪಾಪ, ಯಾವ ಬೀದಿಯವರೋ. ನಂಗೇ ಕಣ್ಣಲ್ಲಿ ನೀರು ಬಂತು, ತುರ್ತು ಅಂತ ಕೆಂಪು ಚೀಟಿ ಹಚ್ಚಿ ಸೀದಾ ಸಾಹೇಬ್ರ ಮೇಜಿಗೆ ಇಟ್ಟುಬಂದೆ."

"ವಾಪಸು ತಂದುಕೊಡಿ ಅಕ್ಕಾ!"

"ನಂಬರು ಬಿದ್ದ ಕಾಗದ ಸಾಹೇಬ್ರ ಸಹಿ ಇಲ್ದೆ ವಾಪಸು ಬರುತ್ತಾ? ನಿಮಗೆ ಗೊತ್ತಿಲ್ದೇ ಇರೋದಾ?"

ಗೊತ್ತಿತ್ತು. ಆ ನಿಯಮದ ಸುತ್ತೋಲೆಯನ್ನು ಬರೆದವನೂ ನಾನೇ. ಆಗಲೇ ಸಾಹೇಬರ ಗಂಟೆ ಬಾರಿಸಿತು. ಸಾಮಾನ್ಯವಾಗಿ ಒಂದು ಸಲ ಬಾರಿಸಿ ನಿಲ್ಲುತ್ತದೆ. ಅವತ್ತು ಸಾಹೇಬರು ಒತ್ತಿದ ಬೆರಳನ್ನು ಎತ್ತಲೇ ಇಲ್ಲ.

ನಮ್ಮ ಸಾಹೇಬರಿಗೆ ಐವತ್ತನಾಲ್ಕು ವರ್ಷ. ಮೂರನೇ ಮಹಡಿಯಲ್ಲಿ ಅವರು ಕೆಮ್ಮಿದರೆ ಒಂದನೇ ಮಹಡಿಯವರು ಎದ್ದು ನಿಲ್ಲುತ್ತಾರೆ. ಹದಿನಾರು ಮಂದಿಯೂ ಅವರ ಕೋಣೆಗೆ ನುಗ್ಗಿದೆವು. ಅವರು ಕಿಟಕಿ ಮುಚ್ಚಿಸಿದರು, ಬಾಗಿಲು ಹಾಕಿಸಿದರು. ಕೈಯಲ್ಲಿ ನನ್ನ ಹದಿನಾಲ್ಕು ಪುಟವನ್ನು ಸುರುಳಿ ಸುತ್ತಿ ಹಿಡಿದಿದ್ದರು.

"ಯಾರು?" ಎಂದರು. "ಯಾರು ಇದನ್ನ ಬರೆದೋರು? ಸಹಿ ಇಲ್ಲ, ಹೆಸರಿಲ್ಲ! ಒಬ್ಬ ಅಧಿಕಾರಿ ತನ್ನ ಸ್ವಂತ ಮನೇಲಿ, ಸ್ವಂತ ಹಾಸಿಗೇಲಿ ಏನು ಮಾಡ್ತಾನೆ ಅಂತ ಹದಿನಾಲ್ಕು ರಾತ್ರಿ ಕೂತು ಬರೆದಿದಾರೆ. ಇದು ಬೇಹುಗಾರಿಕೆ ಅಲ್ದೆ ಮತ್ತೇನು?"

ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಸ್ಟೋರ್ ಕೀಪರು ಧೈರ್ಯ ಮಾಡಿ, "ಯಾವ ಅಧಿಕಾರಿ ಸಾರ್?" ಎಂದರು.

"ಯಾವ ಅಧಿಕಾರಿಯಾ? ಬೀರು ತೆಗೆದು ನೋಡೋದು ಬರೆದಿದಾರೆ. ನಾಲ್ಕು ಬೆರಳು ಬಾಗಿಲು ಬರೆದಿದಾರೆ. ಕಂಬಳಿ ವಿಷಯ ನನ್ನ ಹೆಂಡ್ತಿ ಬಿಟ್ರೆ ಈ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ! ಅದೂ ಸುಳ್ಳು ಲೆಕ್ಕ. ಹದಿಮೂರನೇ ತಾರೀಕು ನೀರಿಗೆ ಏಳು ಸಲ ಬೇಡಿಕೆ ಅಂತೆ. ಅವತ್ತು ನಾನು ಕೇಳಿದ್ದು ನಾಲ್ಕೇ ಸಲ!"

ಸ್ಟೋರ್ ಕೀಪರು ಕೆಮ್ಮಿದರು. ಅವರಿಗೆ ಕೆಮ್ಮು ಇರಲಿಲ್ಲ. ಟಪಾಲಕ್ಕ ಸೀಲಿಂಗು ನೋಡಿದರು. ಜೀಪಿನ ಡ್ರೈವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹಲ್ಲುನೋವು ಬಂದವನಂತೆ ನೆಲ ನೋಡುತ್ತಿದ್ದ.

ಆಗ ನಾನು ಬಾಯಿ ಬಿಡಬೇಕಿತ್ತು. ಬದಲಿಗೆ ಸ್ಟೋರ್ ಕೀಪರ ಬೆನ್ನ ಹಿಂದೆ ಸರಿದು ನಿಂತೆ. ಇದು ನನ್ನ ನಾಲ್ಕು ವರ್ಷದ ಮಗಳ ವರದಿ ಎಂದು ಹದಿನೈದು ಜನರ ಮುಂದೆ ಸಾಹೇಬರಿಗೆ ಹೇಳುವುದೆಂದರೆ ಏನು ಎಂಬುದನ್ನು ಓದುಗರೇ ಯೋಚಿಸಬೇಕು.

ಸಾಹೇಬರು ಮನೆಗೇ ಫೋನು ಹಚ್ಚಿದರು. ಸಿಟ್ಟಿನಲ್ಲಿ ಯಾವ ಗುಂಡಿ ಒತ್ತಿದರೋ, ಅವರ ಹೆಂಡತಿಯ ದನಿ ಇಡೀ ಕೋಣೆಗೆ ಕೇಳಿಸಿತು.

"ನೀನೇನಾದ್ರೂ ನಮ್ಮನೆ ವಿಷಯ ಯಾರಿಗಾದ್ರೂ ಹೇಳಿದ್ಯಾ? ರಾತ್ರಿ ವಿಷಯ?"

"ಯಾವ ರಾತ್ರಿ ವಿಷಯ ರೀ? ನೀರಿಂದಾ?"

"ಯಾರೋ ಎಲ್ಲಾ ಬರೆದು ಕಳ್ಸಿದಾರೆ!"

"ಹಳೇ ನೀರು ಅಂತೀರಲ್ಲ, ಅದನ್ನೂ ಬರೆದಿದಾರಾ?"

"ಬರೆದಿದಾರೆ."

"ಬೀರು?"

"ಅದೂ."

"ಅಬ್ಬಾ! ಯಾರೋ ಪುಣ್ಯಾತ್ಮರು!" ಆ ಕಡೆಯಿಂದ ಎಂಥ ನಿಟ್ಟುಸಿರು ಬಂತೆಂದರೆ, ನಮ್ಮಲ್ಲಿ ಇಬ್ಬರಿಗೆ ಕಣ್ಣು ತುಂಬಿತು. "ಇಪ್ಪತ್ತೊಂಬತ್ತು ವರ್ಷದಿಂದ ನಾನು ಬಾಯಿ ಬಡ್ಕೊಂಡ್ರೂ ಯಾರೂ ನಂಬಲಿಲ್ಲ. ಒಂದು ಕಾಪಿ ಮನೆಗೆ ತನ್ನಿ. ನಿಮ್ಮ ಅಕ್ಕಂಗೆ ತೋರಿಸ್ಬೇಕು."

ಸಾಹೇಬರು ಫೋನು ಇಟ್ಟರು. ಈಗ ಅವರಿಗೆ ಖಾತ್ರಿಯಾಗಿತ್ತು. ಹೆಂಡತಿಯಲ್ಲ ಎಂದಮೇಲೆ ಮೇಲಿನವರೇ ಸರಿ. ಹೆಡ್ ಆಫೀಸಿನವರು ತಮ್ಮ ಬಡ್ತಿ ತಪ್ಪಿಸಲು ಮನೆಗೆ ಆಳು ಬಿಟ್ಟಿದ್ದಾರೆ. ವಿಚಾರಣೆ ಶುರುವಾಯಿತು. ಒಬ್ಬೊಬ್ಬರನ್ನೇ ಕರೆದು, ಹದಿಮೂರನೇ ತಾರೀಕು ರಾತ್ರಿ ಎಲ್ಲಿದ್ದಿರಿ ಎಂದು ಕೇಳಿದರು. ಡ್ರೈವರು, "ನಾನು ನಿಮ್ಮ ಗೇಟು ದಾಟಿ ಒಳಗೆ ಕಾಲಿಟ್ಟಿಲ್ಲ ಸಾರ್, ಕಂಬಳಿ ಯಾವ ಬಣ್ಣ ಅಂತಾನೂ ಗೊತ್ತಿಲ್ಲ," ಎಂದು ಕೈ ಮುಗಿದ. ಕಂಬಳಿಯ ಮಾತು ತಾನಾಗಿ ಎತ್ತಿದ್ದಕ್ಕೆ ಅವನ ಮೇಲೆಯೇ ಅರ್ಧ ಗಂಟೆ ಅನುಮಾನ ನಿಂತಿತು. ಟಪಾಲಕ್ಕ ಮಾತ್ರ, "ನಾನು ನಂಬರು ಹಾಕ್ದೆ ಸಾರ್, ಕೆಲ್ಸ ಮಾಡ್ದೆ," ಎಂಬ ಒಂದೇ ಮಾತಿಗೆ ಅಂಟಿಕೊಂಡು, ಕಾಗದ ಸಿಕ್ಕಿದ್ದು ಯಾರ ಮೇಜಿನ ಮೇಲೆ ಎಂಬುದನ್ನು ಬಿಟ್ಟುಕೊಡಲಿಲ್ಲ.

ಮಧ್ಯಾಹ್ನದ ಊಟಕ್ಕೂ ಯಾರೂ ಏಳಲಿಲ್ಲ. ಹಸಿವಿದ್ದರೂ ಯಾರಿಗೂ ಏಳುವ ಮನಸ್ಸಿರಲಿಲ್ಲ ಎನ್ನುವುದು ಹೆಚ್ಚು ಸರಿ. ಪಕ್ಕದ ಕಚೇರಿಯವರು ಏನೂ ಗೊತ್ತಿಲ್ಲದವರಂತೆ ಪೆನ್ನು ಕೇಳಲು ಬಂದರು. ಒಂದು ಗಂಟೆಯಲ್ಲಿ ಒಂಬತ್ತು ಜನಕ್ಕೆ ಪೆನ್ನು ಬೇಕಾಯಿತು.

ಮೂರೂ ಹತ್ತಕ್ಕೆ ನನ್ನ ಜೇಬಿನ ಫೋನು ಗುಂಯ್‌ಗುಟ್ಟಿತು. ಹೆಂಡತಿ.

"ರೀ, ನಾನು ಪುಟ್ಟೀನ ಕರ್ಕೊಂಡು ಡಾಕ್ಟರ ಹತ್ರ ಬಂದು ಕೂತಿದೀನಿ. ನಮ್ಮ ಸರದಿ ನಾಲ್ಕಕ್ಕೆ ಸರಿಯಾಗಿ ಅಂತೆ. ಹಾಳೆ ತಗೊಂಡು ಹೊರಟ್ರಾ?"

"ಹಾಳೆ... ಹಾಳೆ ಪರಿಶೀಲನೆಯಲ್ಲಿದೆ," ಎಂದೆ.

ಅವಳು ಬಹಳ ಮೆಲ್ಲಗೆ, "ತರ್ತೀರಲ್ಲ ರೀ?" ಎಂದಳು. ಬೈದಿದ್ದರೆ ನಾನು ಇನ್ನೂ ಒಂದು ಗಂಟೆ ಸುಮ್ಮನೆ ನಿಂತಿರುತ್ತಿದ್ದೆನೋ ಏನೋ. ಅವಳ ಆ ದನಿ ಕೇಳಿ, ಇನ್ನು ಮೂರು ತಿಂಗಳು ಈ ಹೆಂಗಸನ್ನು ಹೀಗೇ ಎಬ್ಬಿಸುತ್ತ ಇದ್ದರೆ ಮೂರು ತೋಳಿನ ಅಂಗಿಗಿಂತ ಕೆಟ್ಟದ್ದೇನಾದರೂ ಆಗುತ್ತದೆ ಎಂದು ಹೆದರಿಕೆಯಾಯಿತು.

"ಸಾರ್," ಎಂದೆ. "ಆ ಕಾಗದ ನನ್ನದು."

ಹದಿನೈದು ತಲೆ ಒಟ್ಟಿಗೆ ತಿರುಗಿದವು.

"ನೀನಾ!" ಸಾಹೇಬರು ಎದ್ದು ನಿಂತರು. "ನನ್ನ ಮಲಗೋ ಕೋಣೆಗೆ ಹೇಗೆ ಬಂದೆ?"

"ಬಂದಿಲ್ಲ ಸಾರ್. ಕೋಣೆ ನಮ್ಮನೇದು."

"ನಾನು ನಿಮ್ಮನೇಲಿ ಯಾವಾಗ ಮಲಗಿದ್ದೆ?"

"ನೀವು ಮಲಗಿಲ್ಲ ಸಾರ್. ಅಲ್ಲಿ ಯಾರೂ ಮಲಗಲ್ಲ. ಅದೇ ತೊಂದರೆ. ಅದು ನನ್ನ ಮಗಳ ವರದಿ ಸಾರ್, ಡಾಕ್ಟರಿಗೆ. ನಾಲ್ಕು ಗಂಟೆಗೆ ತೋರಿಸ್ಬೇಕು. ಇಲ್ದಿದ್ರೆ ಮತ್ತೆ ಮೂರು ತಿಂಗಳು."

"ಮಗಳಾ? ಎಷ್ಟು ವಯಸ್ಸು?"

ಟಪಾಲಕ್ಕ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದರು, ಹೇಳಬೇಡ ಎಂದು. ಆದರೆ ವಿಚಾರಣೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಲ್ಲ?

"ನಾಲ್ಕು ಸಾರ್," ಎಂದೆ. ಸ್ವಲ್ಪ ಸಹಾಯವಾಗಲಿ ಎಂದು, "ಮುಂದಿನ ತಿಂಗಳಿಗೆ ಐದು," ಎಂದೂ ಸೇರಿಸಿದೆ.

ಡ್ರೈವರು ಕೋಣೆಯಿಂದ ಹೊರಗೆ ಓಡಿದ. ಮೆಟ್ಟಿಲ ಹತ್ತಿರ ಅವನು ನಕ್ಕ ಸದ್ದು ಮೂರು ಮಹಡಿಗೂ ಕೇಳಿಸಿತು. ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ. ಕುರ್ಚಿಯಲ್ಲಿ ಮೆಲ್ಲಗೆ ಕುಳಿತರು. ಹದಿನಾಲ್ಕು ಪುಟವನ್ನೂ ಮೊದಲಿನಿಂದ ಮತ್ತೆ ಓದಿದರು.

"ನಾನು ಚಿಕ್ಕೋನಾಗಿದ್ದಾಗ," ಎಂದರು ಆಮೇಲೆ, "ನಮ್ಮಮ್ಮ ಹೇಳ್ತಿದ್ರು, ಬೆಳೀತಾ ಬೆಳೀತಾ ಸರಿಹೋಗುತ್ತೆ ಅಂತ."

"ನಮ್ಮಮ್ಮನೂ ಅದನ್ನೇ ಹೇಳ್ತಾರೆ ಸಾರ್."

"ಇನ್ನೂ ಎಷ್ಟು ಬೆಳೀಬೇಕಪ್ಪ ನಾನು?"

ಅವರು ಗಡಿಯಾರ ನೋಡಿದರು. ಮೂರೂ ಇಪ್ಪತ್ತೈದು. ತಟ್ಟನೆ ಎದ್ದರು.

"ಡ್ರೈವರ್! ಜೀಪ್ ತೆಗಿ! ಆ ಡಾಕ್ಟರ ಹತ್ರ ನಂಗೂ ಒಂದು ಮಾತು ಕೇಳೋದಿದೆ."

"ಸಾರ್, ನಂಬರು ಬಿದ್ದ ಕಾಗದ," ಎಂದು ಟಪಾಲಕ್ಕ ದಾಖಲೆ ಪುಸ್ತಕವನ್ನು ಅಪ್ಪಿಕೊಂಡು ಬಾಗಿಲಿಗೆ ಅಡ್ಡ ನಿಂತರು. "ಕಚೇರಿಯಿಂದ ಹೊರಗೆ ಹೋದ್ರೆ ಜೊತೆಗೆ ದಾಖಲೆ ಪುಸ್ತಕವೂ ಹೋಗ್ಬೇಕು."

"ಹಾಗಾದ್ರೆ ನೀವೂ ಹತ್ತಿ!"

ಆ ಜೀಪು ಅವತ್ತು ಓಡಿದ ಹಾಗೆ ಪೈಪು ಒಡೆದ ದಿನವೂ ಓಡಿರಲಿಲ್ಲ. ಡ್ರೈವರು ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಸಾಹೇಬರು ಮುಂದೆ ಕುಳಿತು ಎಡಕ್ಕೆ ಬಲಕ್ಕೆ ಎಂದು ಕೂಗುತ್ತಿದ್ದರು, ಅವರು ಹೇಳಿದ ಪ್ರತಿಯೊಂದು ತಿರುವೂ ತಪ್ಪಾಗಿತ್ತು. ತರಕಾರಿ ಗಾಡಿಯವನೊಬ್ಬ, "ಎಲ್ಲಿ ಒಡೆದಿದೆ ಸಾರ್? ನಾಳೆ ನೀರು ಬರುತ್ತಾ?" ಎಂದು ಹಿಂದೆಯೇ ಓಡಿಬಂದ. ಟಪಾಲಕ್ಕ ಹಿಂದಿನಿಂದ ತಲೆ ಹೊರಗೆ ಹಾಕಿ, "ಬರಹದಲ್ಲಿ ಕೊಡಿ!" ಎಂದು ಕೂಗಿದರು. ನಾನು ಹದಿನಾಲ್ಕು ಪುಟವನ್ನು ಎದೆಗವಚಿಕೊಂಡಿದ್ದೆ. ನಾಲ್ಕಕ್ಕೆ ಮೂರು ನಿಮಿಷವಿದ್ದಾಗ ಆಸ್ಪತ್ರೆಯ ಮುಂದೆ ಬ್ರೇಕು ಬಿತ್ತು.

ಒಳಗೆ ಉದ್ದನೆಯ ಕಾರಿಡಾರು, ಗೋಡೆಗೆ ಒರಗಿಸಿದ ಮರದ ಬೆಂಚು. ಬೆಂಚಿನ ಮೇಲೆ ನನ್ನ ಹೆಂಡತಿ ಗೋಡೆಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು. ಕಾರ್ಖಾನೆಯಿಂದ ನೇರ ಬಂದಿರಬೇಕು, ತೋಳಿಗೆ ನೀಲಿ ದಾರದ ತುಂಡು ಅಂಟಿತ್ತು. ಪಕ್ಕದಲ್ಲಿ ಪುಟ್ಟಿ, ಒಂದು ಕೈಯನ್ನು ಅಮ್ಮನ ಮೊಣಕಾಲ ಮೇಲೆ ಇಟ್ಟು ನೆಟ್ಟಗೆ ಕುಳಿತಿದ್ದಳು.

"ನಾಲ್ಕು ಗಂಟೆಯವರು ಬನ್ನಿ," ಎಂದು ನರ್ಸು ಕೂಗಿದರು. ನಾನು ಹೆಂಡತಿಯ ಭುಜ ಮುಟ್ಟಲು ಬಗ್ಗಿದೆ. ಪುಟ್ಟಿ ನನ್ನ ಕೈಗೆ ಪಟ್ಟನೆ ಹೊಡೆದಳು.

"ಎಬ್ಬಿಸ್ಬೇಡ ಅಪ್ಪ!" ಅದು ಪಿಸುಮಾತು. ಆದರೆ ಸಾಹೇಬರ ಗಂಟೆಗಿಂತ ಜೋರಾಗಿತ್ತು. "ಅಮ್ಮ ಈಗ ತಾನೇ ಮಲಗಿದಾಳೆ."

"ಡಾಕ್ಟರು ಕರೀತಿದಾರೆ ಕಂದಾ."

"ಅವರೇ ಬರ್ಲಿ."

ಡಾಕ್ಟರು ನಿಜವಾಗಿಯೂ ಬಂದರು. ಬಿಳಿ ಕೂದಲಿನ ಹೆಂಗಸು, ಯಾಕೆ ಯಾರೂ ಒಳಗೆ ಬರುತ್ತಿಲ್ಲ ಎಂದು ನೋಡಲು ಬಾಗಿಲಿಗೆ ಬಂದವರು. ಮಲಗಿದ್ದ ತಾಯಿಯನ್ನು ನೋಡಿದರು, ಕಾವಲು ಕುಳಿತ ಮಗಳನ್ನು ನೋಡಿದರು, ಜೀಪಿನಿಂದ ಇಳಿದ ನಮ್ಮ ದಂಡನ್ನು ನೋಡಿದರು. ಕಾಗದ ತೆಗೆದುಕೊಂಡು ಕಾರಿಡಾರಿನಲ್ಲೇ ನಿಂತು ಓದಿದರು. ಮೂರನೇ ಪುಟದ ಹೊತ್ತಿಗೆ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು.

"ತುಂಬಾ ವಿವರವಾಗಿದೆ," ಎಂದು ಪಿಸುಗುಟ್ಟಿದರು.

ಸಾಹೇಬರು ಅವರ ಕಿವಿಯ ಹತ್ತಿರ ಬಗ್ಗಿದರು. "ಡಾಕ್ಟ್ರೇ, ಒಂದೇ ಪ್ರಶ್ನೆ. ಇದು ಬೆಳೀತಾ ತಾನೇ ಹೋಗುತ್ತಾ?"

"ಕೆಲವರಿಗೆ ಹೋಗುತ್ತೆ. ಎಷ್ಟೋ ಜನಕ್ಕೆ ಹೋಗಲ್ಲ. ಮನೆಯವರು ದಿನಾ ಎದ್ದು ಕೇಳಿದ್ದೆಲ್ಲಾ ಕೊಡ್ತಾ ಇದ್ರೆ ಯಾಕೆ ಹೋಗುತ್ತೆ ಹೇಳಿ? ಸುಮ್ನೆ ಕಾಯೋದಕ್ಕಿಂತ ಈಗಲೇ ಅಭ್ಯಾಸ ಬದಲಾಯಿಸೋದು ಸುಲಭ. ದಿನಾ ಒಂದೇ ಹೊತ್ತಿಗೆ ಮಲಗಿಸ್ಬೇಕು, ಕೇಳೋದೆಲ್ಲ ಮಲಗೋ ಮುಂಚೆಯೇ ಮುಗಿಸ್ಬೇಕು. ಎದ್ದು ಬಂದ್ರೆ ಮಾತಿಲ್ದೆ, ಸಿಟ್ಟಿಲ್ದೆ ವಾಪಸು ಕರ್ಕೊಂಡು ಹೋಗಿ ಮಲಗಿಸ್ಬೇಕು. ಮೊದಲು ಒಂದೆರಡು ವಾರ ಕಷ್ಟ. ಅಪ್ಪ ಅಮ್ಮ ಸರದಿ ಮೇಲೆ ಏಳ್ಬೇಕು." ಕೊನೆಯ ಮಾತಿಗೆ ಅವರು ನನ್ನನ್ನೇ ನೋಡಿದರು. ನಾನು ಈ ಸಲ ಒಂದೇ ಕಡೆ ತಲೆ ಆಡಿಸಿದೆ.

"ಐವತ್ತನಾಲ್ಕು ವರ್ಷದವರಿಗೂ ಇದೇ ಉಪಾಯಾನಾ?"

"ಯಾರಿಗೆ?"

"ಹೀಗೇ," ಎಂದರು ಸಾಹೇಬರು. "ಪರಿಚಯದವರೊಬ್ಬರಿಗೆ."

"ಅವರ ಹೆಂಡ್ತೀನ ಕೇಳ್ಬೇಕು. ಅವರಿಗೆ ಇನ್ನೂ ಶಕ್ತಿ ಉಳಿದಿದ್ರೆ ಆಗುತ್ತೆ."

"ಹಾಗಾದ್ರೆ ನಾನು ಇವತ್ತೇ..." ಸಾಹೇಬರ ಉತ್ಸಾಹ ಏರಿತು, ದನಿಯೂ ಏರಿತು. ಕಾರಿಡಾರು ಪ್ರತಿಧ್ವನಿಸಿತು. ನನ್ನ ಹೆಂಡತಿ ನಿದ್ದೆಯಲ್ಲೇ ಹುಬ್ಬು ಗಂಟಿಕ್ಕಿದಳು.

ಪುಟ್ಟಿ ಬೆಂಚಿನಿಂದ ಇಳಿದಳು. ಸಾಹೇಬರ ಮುಂದೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಕೂತ್ಕೊಳ್ಳಿ," ಎಂದಳು.

ಮೂರು ಮಹಡಿಗಳನ್ನು ನಡುಗಿಸುವ ಮನುಷ್ಯ ಬೆಂಚಿನ ತುದಿಯಲ್ಲಿ ಕುಳಿತರು. ಪಕ್ಕದಲ್ಲಿ ಟಪಾಲಕ್ಕ, ಅವರ ಪಕ್ಕ ಡ್ರೈವರು, ಆಮೇಲೆ ನಾನು. ಡಾಕ್ಟರು ಒಳಗಿನಿಂದ ಒಂದು ಸ್ಟೂಲು ತಂದು ತಾವೂ ಕುಳಿತರು, ಉಳಿದ ಪುಟ ಓದುತ್ತ. ನಾಲ್ಕೂವರೆಯ ಸರದಿಯವರು ಬಂದರು, ಗಲಾಟೆ ಮಾಡಲು ಬಾಯಿ ತೆರೆದರು, ಪುಟ್ಟಿಯ ಮುಖ ನೋಡಿ ಅವರೂ ಸಾಲಿನಲ್ಲಿ ಕುಳಿತರು. ಯಾರೂ ನೀರು ಕುಡಿಯಲೂ ಏಳಲಿಲ್ಲ.

ಒಂದು ಗಂಟೆ ಹತ್ತು ನಿಮಿಷ ಹಾಗೆಯೇ ಹೋಯಿತು. ನನ್ನ ಹೆಂಡತಿ ಕಣ್ಣು ಬಿಟ್ಟಾಗ ಒಂಬತ್ತು ಜನ ದೊಡ್ಡವರು ತೊಡೆಯ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದರು. ಅವಳು ಗಾಬರಿಯಿಂದ ಎದ್ದು ಕುಳಿತು ಗಡಿಯಾರ ನೋಡಿದಳು.

"ಅಯ್ಯೋ, ನಮ್ಮ ಸರದಿ ಹೋಯ್ತಾ ರೀ? ಯಾಕೆ ಎಬ್ಬಿಸಲಿಲ್ಲ? ನಾನು ಒಂದು ಗಂಟೆ ಮಲಗಿದ್ನಾ? ಒಟ್ಟಿಗೆ?"

ಹೌದು ಎಂದು ತಲೆ ಆಡಿಸಿ, ಅವಳ ತೋಳಿಗೆ ಅಂಟಿದ್ದ ನೀಲಿ ದಾರ ತೆಗೆದೆ. ಡಾಕ್ಟರೇ ಎದ್ದು ಅವಳ ಕೈ ಹಿಡಿದು, "ಸರದಿ ಎಲ್ಲೂ ಹೋಗಿಲ್ಲಮ್ಮ, ನಿಧಾನವಾಗಿ ಒಳಗೆ ಬಾ," ಎಂದರು. ಅವಳು ಅಷ್ಟು ಜನರ ಮುಂದೆಯೇ ಅತ್ತುಬಿಟ್ಟಳು, ಆಮೇಲೆ ನಗಲೂ ತೊಡಗಿದಳು.

ಪುಟ್ಟಿ ಅವಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇನ್ನೂ ಸ್ವಲ್ಪ ಮಲಕ್ಕೋ ಅಮ್ಮ," ಎಂದಳು. "ನಾನು ಇಲ್ಲೇ ಇರ್ತೀನಿ."